ಡಾಕ್ಟರ ದನಿಯಲ್ಲಿ ಹೇಳಿದ್ದು

ತೊಳೆದಿಟ್ಟ ಲೋಟವನ್ನು ಮತ್ತೆ ಎಂಜಲು ಮಾಡುವುದು ಹೇಗೆ ಎಂದು ಅವನು ಅಡುಗೆಮನೆಯ ಸಿಂಕಿನ ಮುಂದೆ ನಿಂತು ಯೋಚಿಸುತ್ತಿದ್ದ. ನಿಂತು ಎನ್ನುವಲ್ಲೇ ಎಡವಟ್ಟಿತ್ತು. ಮನೆಯವಳ ಲೆಕ್ಕದಲ್ಲಿ ಅವನು ಈಗ ಮುಂದಿನ ಕೋಣೆಯ ಮಂಚದ ಮೇಲೆ, ಎಡಗಾಲನ್ನು ದಿಂಬುಗಳ ಮೇಲೇರಿಸಿಕೊಂಡು, ಫ್ಯಾನಿನ ರೆಕ್ಕೆಗೆ ಅಂಟಿದ ಧೂಳು ನೋಡುತ್ತ ಬಿದ್ದಿರಬೇಕಾದವನು. ಹೆಂಡತಿ ಕೆಲಸಕ್ಕೆ ಹೊರಡುವ ಮುಂಚೆ ಫ್ಲಾಸ್ಕಿನಲ್ಲಿ ಚಹಾ, ಮುಚ್ಚಿದ ತಟ್ಟೆಯಲ್ಲಿ ಊಟ, ಮಂಚದ ಕೆಳಗೆ ಕೈಗೆಟಕುವಂತೆ ಉಚ್ಚೆಯ ಬಾಟಲಿ, ಎಲ್ಲವನ್ನೂ ಜೋಡಿಸಿಟ್ಟು ಹೋಗಿದ್ದಳು. ಗೇಟಿನ ಚಿಲಕ ಬಿದ್ದ ಸದ್ದಾದ ಮೇಲೂ, ಏನಾದರೂ ಮರೆತು ಬಂದಾಳೇನೋ ಎಂದು ಸ್ವಲ್ಪ ಹೊತ್ತು ಕಾದು ಅವನು ಎದ್ದಿದ್ದ. ಚಹಾ ಕುಡಿದು, ಹಳೆಯ ಅಭ್ಯಾಸದಿಂದ ಲೋಟ ತೊಳೆದು ಬೋರಲು ಹಾಕಿದ ಮೇಲೆ ಹೊಳೆಯಿತು, ನಡೆಯಲಾರದ ಮನುಷ್ಯನ ಲೋಟ ತಾನಾಗಿ ಸಿಂಕಿಗೆ ಹೋಗಿ ಸ್ನಾನ ಮಾಡಿ ಬರುವುದಿಲ್ಲ. ಫ್ಲಾಸ್ಕಿನ ತಳದಲ್ಲಿದ್ದ ಚಹಾವನ್ನು ಬಗ್ಗಿಸಿ, ಲೋಟವನ್ನು ಗಿರ್ರನೆ ತಿರುಗಿಸಿ, ಉಳಿದದ್ದನ್ನು ಚೆಲ್ಲಿ, ಅಂಚಿಗೆ ತುಟಿಯೊತ್ತಿ, ಹಾಗೇ ತಂದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟ. ಎತ್ತಿ ನೋಡಿದ. ಸ್ಟೂಲಿನ ಮೇಲೆ ದುಂಡಗೆ ಒಂದು ಕಲೆ ಮೂಡಿತ್ತು. ಕಳ್ಳರು ಕಲೆ ಒರೆಸುತ್ತಾರೆ, ತಾನು ಮೂಡಿಸುತ್ತಿದ್ದೇನೆ, ಇದೂ ಒಂದು ಕಲೆಯೇ ಅಂದುಕೊಂಡ. ಬೇರೆ ದಿನವಾಗಿದ್ದರೆ ಈ ಮಾತನ್ನು ಯಾರಿಗಾದರೂ ಹೇಳುವ ತನಕ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗುತ್ತಿರಲಿಲ್ಲ. ಈ ದಿನ ಅದನ್ನು ಹೇಳಬಹುದಾದ ಒಬ್ಬಳಿಗೂ ಹೇಳುವ ಹಾಗಿರಲಿಲ್ಲ.

ಬೆಳಿಗ್ಗೆ ಅವಳು ಕನ್ನಡಿಯ ಮುಂದೆ ನಿಂತು ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದುಕೊಳ್ಳುತ್ತ, ಹಾಲಿನವನ ವಿಷಯ ಹೇಳುವಷ್ಟೇ ಸಾದಾ ದನಿಯಲ್ಲಿ ಹೇಳಿದ್ದಳು, "ಇವತ್ತು ಸಂಜೆ ದೊಡ್ಡ ಮೇಡಂಗೆ ಫೋನ್ ಮಾಡಿ, ಆ ಊರಿನ ಲ್ಯಾಬಿಗೆ ಹೋಗೋದು ನನ್ನ ಕೈಲಾಗಲ್ಲ ಅಂದ್ಬಿಡ್ತೀನಿ. ಪಾಪ, ಅವರೂ ಎಷ್ಟು ಅಂತ ಕಾಯ್ತಾರೆ." ಬೆಲ್ಟಿನ ಪಟ್ಟಿ ಅಂಟಿಕೊಳ್ಳುವಾಗ ಚರ್ರೆಂದಿತು. ಅವನನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ ಎತ್ತಿ ಇಳಿಸಿ ಅವಳ ಸೊಂಟ ಹಿಡಿದುಕೊಂಡಿತ್ತು. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ತಿರುಗುವಾಗ ಒಂದು ನರಳಿಕೆ ಬೇಕಿತ್ತು, ನರಳಿದ್ದ.

ಅವನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ಬೋರ್ಡಿನ ಮುಂದೆ ನಿಂತೇ ಅರ್ಧ ಆಯುಷ್ಯ ಕಳೆದ ಕಾಲು. ಹಿಮ್ಮಡಿಯ ಮೇಲಿನ ಕೀಲು ಸವೆದು, ಮೂಳೆಗೆ ಮೂಳೆ ಉಜ್ಜಿ, ಮೆಟ್ಟಿಲು ಇಳಿಯುವಾಗ ಯಾರೋ ಒಳಗೆ ಮರಳು ಅರೆಯುತ್ತಿದ್ದಾರೆ ಅನ್ನಿಸುತ್ತಿತ್ತು. ಆ ಸಂಧಿವಾತಕ್ಕೆ ಮಾತ್ರೆ, ಮುಲಾಮು, ಸೂಜಿ ಎಲ್ಲ ಮುಗಿದ ಮೇಲೆ ಡಾಕ್ಟರು ಆ ಕೀಲನ್ನೇ ಇಲ್ಲವಾಗಿಸಿ ಎರಡು ಮೂಳೆಗಳನ್ನು ಸ್ಕ್ರೂ ಹಾಕಿ ಒಂದು ಮಾಡಿದ್ದರು. ಸಂಧಿಯೇ ಇಲ್ಲದ ಮೇಲೆ ವಾತಕ್ಕೆ ಸಂದಿ ಎಲ್ಲಿ, ಎಂದು ಅವನು ಆಪರೇಶನ್ ಥಿಯೇಟರಿಗೆ ಹೋಗುವ ಮುಂಚೆ ನರ್ಸಿಗೆ ಹೇಳಿದ್ದ, ಆಕೆ ನಗದೆ ಅವನ ನಾಡಿ ಹಿಡಿದಿದ್ದಳು. ಒಂದಾಗಿದ್ದ ಖಂಡಗಳು ತೇಲುತ್ತ ದೂರ ಸರಿದವು ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತ ಬಂದವನ ಒಳಗೆ, ಬೇರೆಯಿದ್ದ ಖಂಡಗಳು ಅವನ ಅಪ್ಪಣೆ ಕೇಳದೆ ಕೂಡತೊಡಗಿದ್ದವು. ಕೂಡುವ ತನಕ ಕಾಲನ್ನು ನೆಲಕ್ಕೆ ತಾಗಿಸಬಾರದು. ಸ್ವಲ್ಪ ಭಾರ ಬಿದ್ದರೂ ಮೂಳೆ ಬೆಸೆಯದೆ ಉಳಿದು, ಮತ್ತೆ ಕೊಯ್ದು ಮೊದಲಿನಿಂದ ಶುರು ಮಾಡಬೇಕಾಗಬಹುದು. ಇದನ್ನು ಹೆಂಡತಿ ಡಾಕ್ಟರ ಎದುರಿಗೇ ಕುಳಿತು ಕೇಳಿಸಿಕೊಂಡಿದ್ದಳು. ಅವತ್ತಿನಿಂದ ಅವನ ಪಾದವನ್ನು ಅವಳು ನೋಡುತ್ತಿದ್ದ ರೀತಿಯಲ್ಲಿ ಮದುವೆಯಾದಾಗಿನಿಂದ ಅವನ ಮುಖವನ್ನೂ ನೋಡಿರಲಿಲ್ಲ.

ಈಗ ಅದು ಕೂಡಿತ್ತು. ಕೂಡಿರುವುದು ಈ ಊರಿನಲ್ಲಿ ಡಾಕ್ಟರಿಗೂ ಅವನಿಗೂ ಮಾತ್ರ ಗೊತ್ತಿತ್ತು.

ಪ್ಲಾಸ್ಟರಿನ ಬದಲು ಬಂದಿದ್ದ ದಪ್ಪ ಬೂಟನ್ನು ಅವನು ಆನೆಕಾಲು ಎಂದು ಕರೆದಿದ್ದ. ಆನೆಕಾಲನ್ನು ಊರುತ್ತ, ಗೋಡೆಗೆ ಒಂದು ಕೈ ಕೊಟ್ಟು, ಅವನು ಕೋಣೆಯಲ್ಲಿ ಕಿಟಕಿಯ ತನಕ ಹೋಗಿ ಬಂದ. ಹಳೆಯ ನೋವಿನ ಸುಳಿವಿರಲಿಲ್ಲ. ಅದಕ್ಕೇ ಪ್ರತಿ ಹೆಜ್ಜೆಗೂ ಎದೆ ಧಸಕ್ಕೆನ್ನುತ್ತಿತ್ತು, ಹಾಜರಿ ಕೂಗಿದಾಗ ದಿನಾ ಎಸ್ ಸಾರ್ ಎನ್ನುತ್ತಿದ್ದ ಹುಡುಗ ಉತ್ತರ ಕೊಡದಿದ್ದಂತೆ. ಪಾದ ಪಕ್ಕಕ್ಕೆ ವಾಲುವುದನ್ನು ಮರೆತಿತ್ತು. ಹೊಸಿಲಿನ ಬಳಿ ನೆಲ ಸ್ವಲ್ಪ ಇಳಿಜಾರಾಗಿದ್ದದ್ದು ಇಷ್ಟು ವರ್ಷ ಈ ಮನೆಯಲ್ಲಿದ್ದೂ ಅವನಿಗೆ ಗೊತ್ತಿರಲಿಲ್ಲ. ಈಗ ಮೊಣಕಾಲು ಅದನ್ನು ಹೇಳಿತು. ತೊಡೆ ತೆಳ್ಳಗಾಗಿ ಪೈಜಾಮ ಬೇರೆ ಯಾರದೋ ಎಂಬಂತೆ ತೂಗುತ್ತಿತ್ತು. ಕಿಟಕಿಯಲ್ಲಿ ಎದುರು ಮನೆಯ ಮುದುಕಿ ಬಟ್ಟೆ ಹರವುತ್ತಿದ್ದುದು ಕಂಡು ಅವನು ಪರದೆಯ ಹಿಂದೆ ಸರಿದ. ತನ್ನ ಮನೆಯಲ್ಲಿ ತಾನು ನಡೆಯುವುದನ್ನು ಯಾರಾದರೂ ನೋಡಿಯಾರೆಂದು ಅಡಗುವುದು ಎಂಥ ಬಾಳು. ಇನ್ನೊಬ್ಬರ ಹೆಂಡತಿಯ ಕೋಣೆಯಲ್ಲಿ ಸಿಕ್ಕಿಬಿದ್ದವನಿಗೂ ಇದಕ್ಕಿಂತ ಮರ್ಯಾದೆ ಇರುತ್ತದೆ.

ಅನುಕರಣೆ ಅವನಿಗೆ ಚಿಕ್ಕಂದಿನಿಂದ ಅಂಟಿದ ಚಟ. ಸ್ಟಾಫ್ ರೂಮಿನಲ್ಲಿ ಹೆಡ್‌ಮಿಸ್ಸು ಮಾತಿಗೆ ಮುಂಚೆ ಒಂದು ಗುಟುಕು ಗಾಳಿ ನುಂಗುವುದು, ಇನ್‌ಸ್ಪೆಕ್ಟರು 'ಅಂದರೆ' ಎಂಬ ಪದಕ್ಕೆ ನಾಲ್ಕು ರಕಾರ ಹಾಕುವುದು, ಎಲ್ಲವನ್ನೂ ಅವನು ಮಾಡುತ್ತಿದ್ದ. ಅಲ್ಲಿ ಅದು ತಮಾಷೆ. ಮನೆಯಲ್ಲಿ ಮಾತ್ರ ಅದಕ್ಕೆ ಬೇರೆಯೇ ನಿಯಮವಿತ್ತು, ಯಾರೂ ಕೂತು ಮಾಡಿದ್ದಲ್ಲ, ತಾನಾಗಿ ಬೆಳೆದದ್ದು. ಹೊಸದಾಗಿ ಮದುವೆಯಾದಾಗ ಅವನ ತಾಯಿ ಒಂದು ಹೇಳುವುದು, ಅವಳ ತಾಯಿ ಇನ್ನೊಂದು ಹೇಳುವುದು, ನಡುವೆ ಇವನು ಸುದ್ದಿ ಸಾಗಿಸುವುದು. ಅವಳು ಹಾಗಲ್ಲ, ಅತ್ತೆ ಹೇಗೆ ಹೇಳಿದರೋ ಹಾಗೇ ಹೇಳಿ ಎಂದಳು. ಅವನು ತಾಯಿಯ ದನಿಯಲ್ಲೇ, ತಾಯಿಯ ಮೂಗೆಳೆತದ ಸಮೇತ ಹೇಳಿದ. ಮುಂದೆ ಮನೆಯ ಮಾಲೀಕರು ನಲ್ಲಿಯ ಬಗ್ಗೆ ಏನೋ ಅಂದದ್ದನ್ನು ಹೀಗೆ ಹೇಳಿ ಮುಗಿಸಿದ್ದನೋ ಇಲ್ಲವೋ, ಮಾಲೀಕರೇ ಬಂದು ಅವಳೆದುರು ನಿಂತು ಅದೇ ಮಾತನ್ನು ಆಡಿ, ಅದೇ ಕೆಮ್ಮನ್ನು ಅದೇ ಜಾಗದಲ್ಲಿ ಕೆಮ್ಮಿದರು. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಒಳಗೆ ಓಡಿದ್ದಳು. ಅಂದಿನಿಂದ ಬೇರೆಯವರ ಮಾತನ್ನು ಅವರ ದನಿಯಲ್ಲಿ ತರುವುದು, ತರುವಾಗ ಒಂದಕ್ಷರ ಸೇರಿಸದಿರುವುದು, ಬಿಡದಿರುವುದು ಮನೆಯ ಕಟ್ಟಳೆಯಾಯಿತು. ಅಂಚೆಯವನು ಕಾಗದ ಒಡೆಯುವುದಿಲ್ಲವಲ್ಲ, ಹಾಗೆ. ಅವನ ಸ್ವಂತ ದನಿಗೆ ಆ ಗೌರವ ಇರಲಿಲ್ಲ. ಬಲ್ಬು ತರುತ್ತೇನೆ, ಐದೇ ನಿಮಿಷ ಬಂದೆ, ನಾನೇನೂ ಬೇಜಾರು ಮಾಡಿಕೊಂಡಿಲ್ಲ, ಇವೆಲ್ಲ ಸ್ವಂತ ದನಿಯ ಮಾತುಗಳು. ನಿಮ್ಮ ದನಿಯಲ್ಲಿ ಹೇಳಿದ್ದರಲ್ಲಿ ಅರ್ಧ ಕಳೆಯಬೇಕು, ಬೇರೆಯವರ ದನಿಯಲ್ಲಿ ಹೇಳಿದ್ದನ್ನು ಪೂರ್ತಿ ತಗೋಬಹುದು ಎಂದು ಅವಳು ನೆಂಟರೆದುರೂ ಹೇಳಿ ನಗಿಸುತ್ತಿದ್ದಳು.

ಪ್ಲಾಸ್ಟರು ಬಿಚ್ಚಿ ಬೂಟು ಹಾಕಿದ ದಿನ ಆಸ್ಪತ್ರೆಯಲ್ಲಿ ಅವಳು ಔಷಧಿ ತರಲೆಂದು ಕೆಳಗೆ ಹೋಗಿದ್ದಳು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ವಯಸ್ಸಿನಲ್ಲಿ ಇವನಿಗಿಂತ ಚಿಕ್ಕವರು, ಮೂಗಿನಲ್ಲಿ ಸದಾ ಶೀತ, ಕೈಯಲ್ಲಿ ಸದಾ ಟಿಕ್ ಟಿಕ್ ಎನ್ನುವ ಪೆನ್ನು, ಮಾತು 'ಏನಪ್ಪಾ ಅಂದ್ರೆ'ಯಲ್ಲಿ ಶುರುವಾಗಿ 'ಆಯ್ತಾ'ದಲ್ಲಿ ಮುಗಿಯಬೇಕು. ಹಿಂದೆ ಕಪ್ಪು ಗೆರೆಯಿದ್ದಲ್ಲಿ ಈಗ ಬೆಳ್ಳಗೆ ತುಂಬಿಕೊಂಡಿರುವುದನ್ನು ತೋರಿಸಿ ಹೇಳಿದರು, ಚೆನ್ನಾಗಿ ಕೂಡಿದೆ ಮೇಷ್ಟ್ರೇ, ಬೂಟು ಹಾಕಿಕೊಂಡು ಕೋಲು ಹಿಡಿದು ನಡೀರಿ, ಮೊದಮೊದಲು ಸ್ವಲ್ಪ ಸ್ವಲ್ಪ. ಅವನಿಗೆ ಖುಷಿಯೇ ಆಯಿತು. ನಿಜಕ್ಕೂ ಆಯಿತು, ಅದನ್ನು ಅವನು ಆಮೇಲೆ ಎಷ್ಟೋ ಸಲ ತಿರುಗಿಸಿ ನೋಡಿದ್ದಾನೆ. ಗಾಲಿ ಕುರ್ಚಿಯಲ್ಲಿ ಕುಳಿತು ಹೊರಗೆ ಬಂದು ಅವಳಿಗಾಗಿ ಕಾಯುವಾಗಲೂ ಆ ಖುಷಿ ಇತ್ತು. ಆಮೇಲೆ ಕಾರಿಡಾರಿನ ಕೊನೆಯಲ್ಲಿ ಅವಳು ಕಂಡಳು, ಔಷಧಿಯ ಚೀಲ ಹಿಡಿದು, ಬೇಗ ಬೇಗ ಬರುತ್ತಿದ್ದಳು. ಒಳ್ಳೆಯ ಸುದ್ದಿಗೆ ಮುಖ ತಯಾರಾಗಿತ್ತು. ಬರುವಾಗ ಆಟೋದಲ್ಲಿ ಏನೋ ಹಾಡು ಗುನುಗುತ್ತಿದ್ದವಳು, ಇವತ್ತು ನಡೀಬಹುದು ಅಂದರೆ ನಾಳೆಯೇ ಮೇಡಂಗೆ ಹ್ಞೂಂ ಅಂತೀನಿ ಎಂದಿದ್ದಳು. ತಾನು ನಡೆಯುವ ಮೊದಲ ಹೆಜ್ಜೆ ಅವಳನ್ನು ಮನೆಯಿಂದ ಆಚೆ ಕಳಿಸುವ ಹೆಜ್ಜೆ. ಈ ಯೋಚನೆ ಅವನಿಗೆ ಯೋಚನೆಯಾಗಿ ಬರಲಿಲ್ಲ, ಅವಳ ಚಪ್ಪಲಿಯ ಚಟಪಟವಾಗಿ ಬಂತು. ಹತ್ತಿರ ಬಂದು, ಉಸಿರು ಬಿಡುತ್ತ, ಏನಂದರು ಎಂದಳು. ಅವನು ಮೂಗು ಕಟ್ಟಿಕೊಂಡ, ಹೆಬ್ಬೆರಳಲ್ಲಿ ಇಲ್ಲದ ಪೆನ್ನು ಒತ್ತಿದ.

"ಏನಪ್ಪಾ ಅಂದ್ರೆ ಮೇಷ್ಟ್ರೇ, ಮೂಳೆ ಅನ್ನೋದು ಸಿಮೆಂಟಲ್ಲ. ಅದರ ಟೈಮಿಗೆ ಅದು. ಬೂಟು ಕೊಟ್ಟಿರೋದು ಚರ್ಮಕ್ಕೆ ಗಾಳಿ ಆಡ್ಲಿ ಅಂತ ಅಷ್ಟೇ. ಇನ್ನೂ ಒಂದಷ್ಟು ವಾರ ಕಾಲು ನೆಲಕ್ಕೆ ತಾಗೋ ಹಾಗಿಲ್ಲ, ಆಯ್ತಾ?"

ಅವಳು ಆ 'ಆಯ್ತಾ'ಕ್ಕೆ ನಕ್ಕುಬಿಟ್ಟಳು. ಅಷ್ಟು ಹೋಲುತ್ತಿತ್ತು. ನಗೆ ಮುಖದ ಮೇಲೆ ಹಾಗೇ ನಿಂತಿತು, ಅದರ ಕೆಳಗಿನ ಖುಷಿಯನ್ನು ಯಾರೋ ಎಳೆದುಕೊಂಡಿದ್ದರು. ಆಮೇಲೆ ಆಯ್ತು ಅಂದಳು, ಡಾಕ್ಟರಿಗೇ ಹೇಳಿದ ಹಾಗೆ, ಮತ್ತು ಗಾಲಿ ಕುರ್ಚಿಯ ಹಿಂದೆ ಹೋಗಿ ತಳ್ಳತೊಡಗಿದಳು. ಲಿಫ್ಟಿನ ಕನ್ನಡಿಯಲ್ಲಿ ಅವಳು ತನ್ನ ಕೂದಲು ಸರಿಮಾಡಿಕೊಂಡಳು.

ಅವಳು ದೊಡ್ಡ ರಕ್ತಪರೀಕ್ಷಾ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವವಳು. ಅವಳು ನೋಡಿ ಹೇಳಿದ್ದಕ್ಕೆ ಬೇರೆಯವರು ಸಹಿ ಹಾಕುತ್ತಿದ್ದರು. ಈಗ ಬೇರೊಂದು ಊರಿನಲ್ಲಿ ತೆರೆದ ಹೊಸ ಲ್ಯಾಬಿಗೆ ಅವಳನ್ನೇ ಮುಖ್ಯಸ್ಥೆ ಮಾಡುವುದೆಂದು ದೊಡ್ಡ ಮೇಡಂ ಹೇಳಿದ್ದರು. ವಾರದ ದಿನಗಳಲ್ಲಿ ಅಲ್ಲಿ, ರಜೆಗೆ ಇಲ್ಲಿ. ಅವಳು ಆ ವಿಷಯ ಹೇಳಿ, ಅದಕ್ಕೇನಂತೆ, ಆಗದಿದ್ದರೆ ಬೇಡ ಎಂದು ತಾನೇ ತೇಲಿಸಿಬಿಟ್ಟಿದ್ದಳು. ಆದರೆ ಆಪರೇಶನ್ನಿಗೆ ಮುಂಚೆ ಒಂದು ಭಾನುವಾರ ಮಧ್ಯಾಹ್ನ, ಅವನು ಮಲಗಿದ್ದಾನೆಂದುಕೊಂಡು, ಕಪಾಟಿನಿಂದ ಅವನ ಅಟ್ಲಾಸ್ ತೆಗೆದು ನೆಲದ ಮೇಲೆ ಬಿಡಿಸಿ, ಹೊಲಿಗೆ ಡಬ್ಬಿಯ ದಾರವನ್ನು ಈ ಊರಿನಿಂದ ಆ ಊರಿಗೆ ರಸ್ತೆಯ ಬಾಗು ಬಾಗಿನ ಮೇಲೆ ಕೂರಿಸಿ ಅಳೆಯುತ್ತಿದ್ದಳು. ದಾರ ಜಾರದ ಹಾಗೆ ನಾಲಗೆ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ತರಗತಿಯಲ್ಲಿ ನದಿಯ ಉದ್ದ ಅಳೆಯಲು ಅವನು ಮಕ್ಕಳಿಗೆ ಹೇಳಿಕೊಡುವ ಉಪಾಯ ಅದು. ಯಾವಾಗಲೋ ಅವಳಿಗೂ ಹೇಳಿರಬೇಕು. ಅವನು ಅರೆಗಣ್ಣಿನಲ್ಲಿ ನೋಡುತ್ತಲೇ ಇದ್ದ. ಏಳಲಿಲ್ಲ, ಸ್ಕೇಲು ಹೀಗೆ ಹಿಡಿ ಎನ್ನಲಿಲ್ಲ. ಆ ದಾರವನ್ನು ಅವಳು ಬೆರಳಿಗೆ ಸುತ್ತಿಕೊಂಡು ಬಹಳ ಹೊತ್ತು ಕೂತಿದ್ದಳು.

ಹೆದರಿಕೆ ಯಾವುದಕ್ಕೆ? ಒಬ್ಬನೇ ಇರುವುದಕ್ಕೆ? ಅನ್ನ ಮಾಡಿಕೊಳ್ಳಲು ಬರುತ್ತದೆ, ಬಟ್ಟೆಗೆ ಯಂತ್ರವಿದೆ. ಹೊಟ್ಟೆಕಿಚ್ಚೇ? ಇರಬಹುದು. ಅವನನ್ನು ಯಾರೂ ಯಾವ ಊರಿಗೂ ಕರೆದಿರಲಿಲ್ಲ, ಜಗತ್ತಿನ ಭೂಪಟವನ್ನು ಕೋಲಿನಿಂದ ಮುಟ್ಟಿ ಮುಟ್ಟಿ ತೋರಿಸುವವನು ಅದೇ ಗೋಡೆಯ ಮುಂದೆ ನಿಂತು ಮುದುಕನಾಗುತ್ತಿದ್ದ. ಆದರೆ ಅದಕ್ಕಿಂತ ಕೆಳಗೆ, ಹೇಳಲು ನಾಚಿಕೆಯಾಗುವ ಇನ್ನೊಂದಿತ್ತು. ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಎಡಗಾಲಿಗೆ ಚೀಲ ಕಟ್ಟಿ ಹೊರಗೆ ಚಾಚಿಕೊಂಡು, ಅವಳು ಬೆನ್ನಿಗೆ ಬಿಸಿನೀರು ಹುಯ್ಯುವಾಗ, ಮೊದಮೊದಲು ಅವಮಾನದಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದವನು ಎಂದೋ ಒಂದು ದಿನ ಸುಖದಿಂದ ಕಣ್ಣು ಮುಚ್ಚಿದ್ದ. ಹದವಾಗಿದೆಯಾ ಎಂದು ಅವಳು ಕೇಳುತ್ತಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಹತ್ತಿರ ನಿಂತು ಅಷ್ಟು ಹೊತ್ತು ಅವನದೊಂದನ್ನೇ ವಿಚಾರಿಸಿದ್ದಿಲ್ಲ. ನೋವು ತನಗೆ ಕೊಟ್ಟಿದ್ದನ್ನು ಗುಣ ಕಿತ್ತುಕೊಳ್ಳಲು ಬಂದಿತ್ತು.

ಹಾಗಾಗಿ ಅವನು ತನ್ನನ್ನೇ ಅನುಕರಿಸಬೇಕಾಯಿತು. ಇದು ಅವನಂದುಕೊಂಡಷ್ಟು ಸುಲಭವಾಗಲಿಲ್ಲ. ಹೆಡ್‌ಮಿಸ್ಸಿನ ಗುಟುಕು ಎಲ್ಲಿ ಬರುತ್ತದೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವವನಿಗೆ, ತಾನು ಮಗ್ಗುಲಾಗುವಾಗ 'ಅಮ್ಮಾ' ಅನ್ನುತ್ತಿದ್ದೆನೋ 'ಉಸ್' ಅನ್ನುತ್ತಿದ್ದೆನೋ ನೆನಪಾಗುತ್ತಿರಲಿಲ್ಲ. ಒಮ್ಮೆ ತಪ್ಪಿ ಬಲಗಾಲು ಎತ್ತುವಾಗ ನರಳಿಬಿಟ್ಟ. ಅವಳು ಗಾಬರಿಯಿಂದ ಆ ಕಾಲಿಗೂ ಶುರುವಾಯಿತೇ ಎಂದು ಬಗ್ಗಿ, ಬಗ್ಗಿದವಳು ಸೊಂಟ ಹಿಡಿದುಕೊಂಡು ಅರ್ಧಕ್ಕೇ ನಿಂತಳು. ಮಂಚದ ಕೋಲು ಹಿಡಿದು ನಿಧಾನ ನೇರವಾದಳು. ಅವನು ಏಳಬಹುದಿತ್ತು. ಎದ್ದು ಹಿಡಿಯಬಹುದಿತ್ತು. ಬೂಟಿನೊಳಗೆ ಪಾದದ ಬೆರಳುಗಳು ಒಮ್ಮೆ ಮಡಿಚಿಕೊಂಡವು, ಅಷ್ಟೇ.

ಮಧ್ಯಾಹ್ನ ಡ್ರಿಲ್ ಮೇಷ್ಟ್ರು ಬಂದರು. ಗೇಟಿನ ಸದ್ದಿಗೆ ಅವನು ಕಿಟಕಿಯಿಂದ ಮಂಚಕ್ಕೆ ಹಾರಿ ಬಿದ್ದಿದ್ದರಿಂದ ಉಸಿರು ಏರಿತ್ತು. ಪಾಪ ಮಲಗಿದ್ದಲ್ಲೇ ಏದುಸಿರು ಎಂದು ಅವರು ಮರುಗಿದರು. ಬಂದವರು ಶಾಲೆಯ ಸುದ್ದಿಯನ್ನು ಸೀಟಿ ಊದಿದ ಹಾಗೆ ಊದಿದರು. ಅವನ ತರಗತಿಗಳಿಗೆ ಈಗ ಗಣಿತದ ಟೀಚರು ಹೋಗುತ್ತಿದ್ದಾರಂತೆ, ಭೂಮಿ ಗುಂಡಗಿದೆ ಎನ್ನುವುದಕ್ಕೂ ಸೂತ್ರ ಬರೆಸಿ ಸಾಧಿಸಿ ಎನ್ನುತ್ತಾರಂತೆ. ಅವನಿಲ್ಲದೆ ಸ್ಟಾಫ್ ರೂಮು ಸಾವಿನ ಮನೆಯಾಗಿದೆಯಂತೆ. ಎಲ್ಲಿ, ಹೆಡ್‌ಮಿಸ್ಸನ್ನು ಒಂದು ಸಲ ಮಾಡಿ ಎಂದು ಗೋಗರೆದರು. ಮಾಡಿದ. ಅವರು ಕುರ್ಚಿಯ ಕೈ ಬಡಿದು ನಕ್ಕರು. ನಿಮ್ಮ ಕಾಲು ಕೊಯ್ದವರನ್ನೂ ಮಾಡಿ, ಹೇಗೆ ಮಾತಾಡ್ತಾರೆ ನೋಡೋಣ ಎಂದರು. ಅವನಿಗೆ ಹುರುಪು ಬಂದಿತ್ತು. ಬಹಳ ದಿನದ ಮೇಲೆ ಒಬ್ಬ ಪ್ರೇಕ್ಷಕ. ಮೂಗು ಕಟ್ಟಿಕೊಂಡು, ಇಲ್ಲದ ಪೆನ್ನನ್ನು ಟಿಕ್ಕೆನಿಸಿ ಶುರುಮಾಡಿದ. ಆ ದನಿಗೆ ಸುಳ್ಳಿನ ಮಾತು ಹೊಂದಿದ್ದು ಒಂದೇ ಸಲ. ಸಡಿಲ ಬಿಟ್ಟ ನಾಲಗೆ ತಾನಾಗಿ ತನ್ನ ಹಳೆಯ ಪ್ರಾಮಾಣಿಕತೆಗೆ ಹೊರಳಿತು: "ಏನಪ್ಪಾ ಅಂದ್ರೆ ಮೇಷ್ಟ್ರೇ, ಚೆನ್ನಾಗಿ ಕೂಡಿದೆ. ಇನ್ನು ನಡೀರಿ, ಆಯ್ತಾ?"

ಡ್ರಿಲ್ ಮೇಷ್ಟ್ರು ನಗು ಮುಗಿಸಿ, ಕಣ್ಣೊರೆಸಿಕೊಂಡು, ಹಾಗಾದರೆ ನಡೀಬಹುದು ಅಂದಿದ್ದಾರೆ ಅನ್ನಿ ಎಂದರು. ಅವನು ಎಡಗಾಲನ್ನು ಹೊದಿಕೆಯೊಳಗೆ ಎಳೆದುಕೊಳ್ಳಹೋದ. ಅವರು ಬೂಟನ್ನು ನೋಡಿದರು, ಬೂಟಿನ ಅಡಿಗೆ ಮೆತ್ತಿಕೊಂಡಿದ್ದ ಅಡುಗೆಮನೆಯ ಒದ್ದೆ ಧೂಳನ್ನು ನೋಡಿದರು, ಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು. ತಪ್ಪೇನಿಲ್ಲ, ಸಿಕ್ಕ ರಜೆಯನ್ನು ಯಾರು ಬಿಡುತ್ತಾರೆ, ತಲೆ ಅಂದರೆ ನಿಮ್ಮದು ಎಂದು ತೊಡೆ ತಟ್ಟಿದರು. ತಾವೂ ಹಿಂದೊಮ್ಮೆ ಕತ್ತಿಗೆ ಪಟ್ಟಿ ಹಾಕಿಕೊಂಡು ಒಂದಿಡೀ ಟರ್ಮು ಕುರ್ಚಿಯಲ್ಲೇ ಕೂತು ಡ್ರಿಲ್ ಮಾಡಿಸಿದ್ದನ್ನು ವಿವರಿಸಿದರು. ಕತ್ತು ಎರಡೇ ವಾರಕ್ಕೆ ಗುಣವಾಗಿತ್ತಂತೆ. ಆ ಪಟ್ಟಿ ಇನ್ನೂ ಇದೆ, ಬೇಕಾದರೆ ಹೇಳಿ, ಕೊಡುತ್ತೇನೆ ಎಂದರು. ಅವನು ನಗಲು ನೋಡಿದ. ಹೊರಡಲು ಎದ್ದವರು ಏನೋ ಹೊಳೆದಂತೆ ನಿಂತರು.

"ಮನೆಯವರಿಗೆ ಗೊತ್ತು ತಾನೇ?"

ಅವನು ತಲೆಯಾಡಿಸಿದ, ಇಲ್ಲವೆಂದು.

"ಓ," ಎಂದರು. ತುಸು ಹೊತ್ತು ಚಪ್ಪಲಿ ಹುಡುಕಿದರು, ಚಪ್ಪಲಿ ಕಾಲ ಮುಂದೆಯೇ ಇತ್ತು. "ನಾನು ಮನೆಗೆ ಬಂದ ತಕ್ಷಣ ಬಿಚ್ಚಿಡ್ತಿದ್ದೆ ಮೇಷ್ಟ್ರೇ. ಶಾಲೆಗೆ ಮಾತ್ರ." ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ಸನ್ನೆ ಮಾಡಿ ಗೇಟು ಎಳೆದುಕೊಂಡು ಹೋದರು.

ಆಮೇಲೆ ಅವನು ನಡೆಯಲಿಲ್ಲ. ಮಂಚದ ಮೇಲೆ ಕೂತು ಬೂಟಿನ ಅಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದ, ಒರೆಸಿ ನಿಲ್ಲಿಸಿದ, ಅದೂ ಸುಳ್ಳಿನ ಕೆಲಸವೇ ಎನ್ನಿಸಿ. ಡ್ರಿಲ್ ಮೇಷ್ಟ್ರನ್ನು ಅವನು ಎಷ್ಟು ಸಲ ಮಾಡಿಲ್ಲ, ಹೊಟ್ಟೆ ಒಳಗೆಳೆದು 'ಅಟೆನ್‌ಶನ್' ಎನ್ನುವಾಗ ಪ್ಯಾಂಟು ಜಾರುವುದನ್ನು. ಆ ಮನುಷ್ಯ ಕಳ್ಳತನವನ್ನೂ ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಮನೆಯೊಳಗೆ ಹೋಗುತ್ತಿದ್ದ. ತಾನು ಮೆಟ್ಟಿಕೊಂಡೇ ಮಂಚ ಹತ್ತಿದ್ದೇನೆ. ಊಟದ ತಟ್ಟೆಯ ಮುಚ್ಚಳ ತೆಗೆದರೆ, ಅವನಿಗೆ ಎಟಕಿಸಿಕೊಂಡು ಕಲಸಲು ಕಷ್ಟವಾಗುತ್ತದೆಂದು ಅನ್ನವನ್ನು ಅವಳೇ ಸಾರಿನಲ್ಲಿ ಕಲಸಿಟ್ಟಿದ್ದಳು. ತಿನ್ನಲಾಗಲಿಲ್ಲ. ಹೇಳಬೇಕು ಅಂದುಕೊಂಡ. ಹೇಳುವುದು ಹೇಗೆಂದು ವಾಕ್ಯ ಕಟ್ಟಿದ, ಕಟ್ಟಿದ ಪ್ರತಿ ವಾಕ್ಯವೂ ಬೇರೆ ಯಾರದೋ ದನಿಯಲ್ಲಿ ಬರುತ್ತಿತ್ತು, ಒಂದು ಸಲ ಮಾವನ ಹಾಗೆ ಗದ್ಗದವಾಗಿ, ಒಂದು ಸಲ ಹೆಡ್‌ಮಿಸ್ಸಿನ ಹಾಗೆ ಗುಟುಕು ನುಂಗಿ. ತನ್ನದು ಯಾವುದೆಂದು ಹುಡುಕುವುದರಲ್ಲಿ ಬಿಸಿಲು ಗೋಡೆಯಿಂದ ಇಳಿಯಿತು.

ಅವಳು ಬಂದಾಗ ಎಂದಿಗಿಂತ ತಡವಾಗಿರಲಿಲ್ಲ. ಬ್ಯಾಗು ಇಟ್ಟು, ಮುಖ ತೊಳೆದು, ಮೊದಲು ಬಾಟಲಿ ತೆಗೆದುಕೊಂಡು ಹೋಗಿ ಖಾಲಿ ಮಾಡಿ, ತೊಳೆದು, ಮತ್ತೆ ಮಂಚದ ಕೆಳಗಿಟ್ಟಳು. ಊಟ ಯಾಕೆ ಬಿಟ್ಟಿರಿ ಎಂದಳು. ಕುರ್ಚಿ ಎಳೆದುಕೊಂಡು, ಬೆಲ್ಟು ಸಡಿಲ ಮಾಡಿ, ಮೊಬೈಲು ತೆಗೆದು, ಅದರ ಪರದೆಯನ್ನು ಸೀರೆಗೆ ಒರೆಸಿ ಒರೆಸಿ ನೋಡಿದಳು. ಒರೆಸುವಂಥದ್ದು ಅದರ ಮೇಲೆ ಏನೂ ಇರಲಿಲ್ಲ.

"ಫೋನ್ ಮಾಡಬೇಡ," ಎಂದ.

"ಯಾಕೆ?"

"ಕಾಲು ಕೂಡಿದೆ. ಡಾಕ್ಟ್ರು ಅವತ್ತೇ ನಡೀರಿ ಅಂದಿದ್ರು. ನಿನಗೆ ಸುಳ್ಳು ಹೇಳಿದೆ."

ಅವಳು ಅವನನ್ನು ನೋಡಿದಳು. ಆ ನೋಟ ಮೃದುವಾಯಿತು. ಅವಳು ಕೈ ಚಾಚಿ ಅವನ ಹೊದಿಕೆಯನ್ನು ಸರಿಮಾಡಿದಳು.

"ಸುಮ್ನಿರಿ. ನನ್ನ ಕಳಿಸೋಕೆ ಅಂತ ತ್ಯಾಗಮೂರ್ತಿ ಆಗೋಕೆ ಹೋಗ್ಬೇಡಿ. ಕಾಲು ಮುರ್ಕೊಂಡು ಕೂತ್ರೆ ಮತ್ತೆ ನಾನೇ ತಾನೇ ಬರ್ಬೇಕು?"

"ನಿಜ ಹೇಳ್ತಿದ್ದೀನಿ ಕಣೇ."

"ನಿಮ್ಮ ದನಿಯಲ್ಲಿ ಹೇಳಿದ್ರಲ್ಲಿ ಅರ್ಧ ಕಳೀಬೇಕು." ಅವಳು ನಗುತ್ತಲೇ ಇದ್ದಳು. "ಡಾಕ್ಟ್ರು ಹೇಳಿದ್ದನ್ನ ನಾನು ಕೇಳಿದ್ದೀನಲ್ಲ, ಮೂಳೆ ಸಿಮೆಂಟಲ್ಲ ಅಂತ."

ಅವಳು ಕೇಳಿದ್ದೀನಲ್ಲ ಅಂದಳು. ನೀವು ಹೇಳಿದಿರಲ್ಲ ಅನ್ನಲಿಲ್ಲ. ಕಾರಿಡಾರಿನಲ್ಲಿ ಅವಳೆದುರು ಗಾಲಿ ಕುರ್ಚಿಯಲ್ಲಿ ಕೂತಿದ್ದವನು ಅವಳ ನೆನಪಿನಲ್ಲಿ ಇರಲೇ ಇಲ್ಲ, ಅಲ್ಲಿ ಶೀತದ ಮೂಗಿನ ಡಾಕ್ಟರು ನಿಂತಿದ್ದರು. ಇಷ್ಟು ವರ್ಷ ಅವನು ಎಷ್ಟು ಚೆನ್ನಾಗಿ ಇಲ್ಲವಾಗುತ್ತಿದ್ದನೆಂದರೆ, ಈಗ ಇದ್ದೇನೆಂದು ಹೇಳಿದರೂ ಅವಳು ನಂಬುವ ಹಾಗಿರಲಿಲ್ಲ. ಮತ್ತೆ ಹೇಳಿದ, ಔಷಧಿ ತರಲು ಅವಳು ಕೆಳಗೆ ಹೋಗಿದ್ದು, ಎಕ್ಸ್‌ರೇಯಲ್ಲಿ ಕಪ್ಪು ಗೆರೆ ಮುಚ್ಚಿದ್ದು, ತಾನು ದಿನಾ ಕಿಟಕಿಯ ತನಕ ನಡೆಯುವುದು, ಬೆಳಿಗ್ಗೆ ಲೋಟ ತೊಳೆದು ಮತ್ತೆ ಕೊಳೆ ಮಾಡಿದ್ದು. ಲೋಟದ ವಿಷಯಕ್ಕೆ ಬಂದಾಗ ಅವಳ ನಗು ನಿಂತಿತು. ಅಂಥದ್ದನ್ನು ಯಾರೂ ಸುಳ್ಳಿಗೆ ಹುಟ್ಟಿಸುವುದಿಲ್ಲ. ಅವಳು ಸ್ಟೂಲಿನ ಮೇಲಿನ ಲೋಟ ಎತ್ತಿ, ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯನ್ನು ನೋಡುವಂತೆ ಬೆಳಕಿಗೆ ಹಿಡಿದು ನೋಡಿ, ಅದೇ ಜಾಗದಲ್ಲಿ ಕೆಳಗಿಟ್ಟಳು.

"ಹಾಗಾದ್ರೆ ಡಾಕ್ಟ್ರು ನಿಜವಾಗಿ ಏನಂದ್ರು? ಅವರ ದನಿಯಲ್ಲೇ ಹೇಳಿ."

ಹೇಳಿದ. ಚೆನ್ನಾಗಿ ಕೂಡಿದೆ ಎಂದದ್ದು, ನಡೀರಿ ಎಂದದ್ದು, ಮೊದಮೊದಲು ಸ್ವಲ್ಪ ಸ್ವಲ್ಪ ಎಂದದ್ದು. ದನಿ ಕೂದಲೆಳೆಯಷ್ಟೂ ಆಚೀಚೆಯಾಗಲಿಲ್ಲ. ಕೊನೆಯ 'ಆಯ್ತಾ' ಮೂಗಿನಿಂದ ಇಳಿದು ಕೋಣೆಯಲ್ಲಿ ನಿಂತಿತು. ಅವಳು ನಗಲಿಲ್ಲ.

"ಅವತ್ತೂ ಇಷ್ಟೇ ಚೆನ್ನಾಗಿತ್ತು," ಎಂದಳು.

ಆಮೇಲೆ ಎದ್ದು ಆಸ್ಪತ್ರೆಗೆ ಫೋನ್ ಮಾಡಿದಳು. ಯಾರೋ ಕಾಯಲು ಹೇಳಿದರು, ಕಾಯ್ದಳು. ಡಾಕ್ಟರು ಬಂದಾಗ ಲ್ಯಾಬಿನಲ್ಲಿ ಮಾತಾಡುವ ಚೊಕ್ಕ ದನಿಯಲ್ಲಿ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿ, ತಮ್ಮ ಮನೆಯವರು ಕಾಲಿಗೆ ಭಾರ ಹಾಕಬಹುದೇ ಎಂದು ಕೇಳಿದಳು. ಫೋನಿನೊಳಗಿಂದ ಸಣ್ಣಗೆ ಆ ದನಿ ಅವನಿಗೂ ಕೇಳಿಸುತ್ತಿತ್ತು. ನಿಜವಾದ ದನಿ ಸಪ್ಪೆಯಾಗಿತ್ತು, ಅವಸರದಲ್ಲಿತ್ತು, 'ಆಯ್ತಾ' ಬರಲೇ ಇಲ್ಲ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಸರಿ ಸಾರ್, ಸರಿ ಸಾರ್ ಎಂದು ಇಟ್ಟಳು. ಅವನು ಬೈಗುಳಕ್ಕೆ ಕಾದ. ಬೈದರೆ ಎಷ್ಟೋ ವಾಸಿ, ಬೈದವರ ಮಾತನ್ನು ನಾಳೆ ಅನುಕರಿಸಿಯಾದರೂ ನಗಬಹುದು.

"ನಾನು ಬಾಟಲಿ ತೊಳೀತಿದ್ದಾಗಲೂ?" ಎಂದಳು ಕೊನೆಗೆ.

"ಹ್ಞೂಂ."

"ಸ್ನಾನಕ್ಕೆ ಎತ್ತುವಾಗಲೂ?"

"ಹ್ಞೂಂ."

ಅವಳು ಮೂರನೆಯದನ್ನು ಕೇಳಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಅದಕ್ಕೆ ಅವನು ಎಷ್ಟೋ ಉತ್ತರಗಳನ್ನು ಸಿದ್ಧ ಮಾಡಿಕೊಂಡಿದ್ದ, ಕೆಲವು ನಿಜವೂ ಆಗಿದ್ದವು. ದೊಡ್ಡ ಮೇಡಂಗೆ ಫೋನ್ ಮಾಡಿ, ಬರುತ್ತೇನೆ ಮೇಡಂ, ಮನೆಯವರು ಓಡಾಡುತ್ತಿದ್ದಾರೆ ಎಂದಳು. ಆ ಕಡೆಯಿಂದ ಏನೋ ಸಂತೋಷದ ಮಾತು ಕೇಳಿಸಿತು. ಅದಕ್ಕೆ ಅವಳೂ ಸಂತೋಷದಿಂದಲೇ ಉತ್ತರ ಕೊಟ್ಟಳು, ಆ ಸಂತೋಷ ಬರೀ ತೋರಿಕೆಯದೂ ಆಗಿರಲಿಲ್ಲ, ದನಿಗಳ ವಿಷಯದಲ್ಲಿ ಅವನಿಗೆ ಅಷ್ಟು ತಿಳಿಯುತ್ತಿತ್ತು. ನಾಳೆಯೇ ಹೋಗಿ ಮನೆ ನೋಡಿ ಬರುವುದೆಂದು ಮಾತಾಯಿತು. ಫೋನ್ ಇಟ್ಟು ಒಳಕೋಣೆಗೆ ಹೋದಳು. ಅಡುಗೆಮನೆಯ ಎತ್ತರದ ಸ್ಟೂಲನ್ನು ಎಳೆದು ತರುವ ಸದ್ದಾಯಿತು. ಸೂಟ್‌ಕೇಸು ಅಟ್ಟದ ಮೇಲಿತ್ತು.

ಅವನು ಎದ್ದ. ಮೊದಲ ಸಲ ಅವಳಿರುವಾಗ, ನರಳದೆ, ಕೋಲು ಹಿಡಿಯದೆ, ಹೊಸಿಲಿನ ಇಳಿಜಾರಿಗೆ ಮೊಣಕಾಲನ್ನು ಮೊದಲೇ ತಗ್ಗಿಸಿ ದಾಟಿ ಒಳಗೆ ಹೋದ. ಅವಳು ಬಾಗಿಲ ಕಡೆ ತಿರುಗಿ ನಿಂತಿದ್ದಳು. ಅವನು ನಡೆದು ಬರುವುದನ್ನು ಕಣ್ಣು ಕದಲಿಸದೆ ನೋಡಿದಳು. ಹೊಸಿಲಿನ ಬಳಿ ಅವನು ತಡವರಿಸದಿದ್ದುದನ್ನು ನೋಡಿದಳು. ಎಷ್ಟು ದಿನದ ಅಭ್ಯಾಸವೆಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವನು ಬಗ್ಗಿ, ಸ್ಟೂಲಿನ ಕಾಲುಗಳು ಅಲುಗದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದ. ತನ್ನ ಎರಡು ಪಾದಗಳ ಮೇಲೂ ಸಮನಾಗಿ ಭಾರ ಬಿದ್ದಿರುವುದು ಗೊತ್ತಾಯಿತು. ಅವಳು ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ಒಂದು ಕಾಲು ಮೇಲಿಟ್ಟಳು. ಬೆಲ್ಟು ಅವನ ಕಣ್ಣಿನ ಮಟ್ಟಕ್ಕೆ ಬಂತು, ಅದರ ಅಂಚಿನಲ್ಲಿ ಬೆವರಿನ ಉಪ್ಪು ಬಿಳಿಗಟ್ಟಿತ್ತು. ಇನ್ನೊಂದು ಕಾಲೆತ್ತಲು ಅವಳಿಗೆ ಆಸರೆ ಬೇಕಾಯಿತು. ಕೈ ಗಾಳಿಯಲ್ಲಿ ಅವನ ಹೆಗಲ ಮೇಲೆ ಬಂತು, ಇಳಿಯದೆ ಅಲ್ಲೇ ಒಂದು ಗಳಿಗೆ ನಿಂತಿತು. ಹೆಗಲು ತಾನಾಗಿ ಸ್ವಲ್ಪ ಮೇಲೆದ್ದು ಕಾಯಿತು. ಅವಳು ಗೋಡೆ ಹಿಡಿದು ಹತ್ತಿದಳು.